ಒಂದು ಮಳೆ ಕಾಣದ ಕಲ್ಲು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಓರೆ. ಗೆರೆ ಹಾಕಿದ ಕಾಗದದ ಮೇಲೂ ನೇರವಾಗಿ ಬರುವುದಿಲ್ಲ. ಒಂಬತ್ತನೆಯ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವಳು ನಾನು, ಹಾಗಾಗಿ ಮಾತುಗಳೂ ಕಡಿಮೆ. ನಮ್ಮ ಚರ್ಚಿನ ಸಭೆಯ ಸ್ಮರಣ ಸಂಚಿಕೆಗೆ ಸುಗುಣಜ್ಜಿಯ ಬಗ್ಗೆ ಎರಡು ಪುಟ ಬರೆದುಕೊಡು ಎಂದು ನಮ್ಮ ಸಭಾಪಾಲಕರಾದ ಅಯ್ಯನವರು ಹೇಳಿದಾಗ, ಬೇರೆ ಯಾರಾದರೂ ಬರೆಯಲಿ ಎಂದೆ. "ಮೂರು ವರ್ಷ ಅವರ ಹತ್ತಿರ ಇದ್ದದ್ದು ನೀನಲ್ಲವಾ?" ಎಂದರು. ಎರಡು ಪುಟದಲ್ಲಿ ಮುಗಿಯಲಿಲ್ಲ. ಅಚ್ಚು ಮಾಡುವವರಿಗೆ ನನ್ನ ಅಕ್ಷರ ತಿಳಿಯದ ಕಡೆ ದಯವಿಟ್ಟು ನನ್ನನ್ನೇ ಕೇಳಬೇಕು. ಊಹೆ ಮಾಡಿ ಹಾಕಬಾರದು.

ಸುಗುಣಜ್ಜಿ ನನ್ನ ಅಜ್ಜ ಶೇಖರರ ಅತ್ತಿಗೆ. ಅಜ್ಜನ ಅಣ್ಣ ಭೋಜರಾಜರ ಹೆಂಡತಿ. ಬ್ರಹ್ಮಾವರದಲ್ಲಿ ನಮ್ಮ ಮನೆ ಮತ್ತು ಅವರ ಮನೆಯ ನಡುವೆ ಒಂದು ಬಾವಿ ಮಾತ್ರ. 1999ರಿಂದ ಹತ್ತು ವರ್ಷ ಇಬ್ಬರೂ ಆಫ್ರಿಕದ ಮಲಾವಿ ದೇಶದಲ್ಲಿ ಸುವಾರ್ತಾ ಸೇವೆಯಲ್ಲಿದ್ದರು. ಹೋದವರು ಇಬ್ಬರು, ತಿರುಗಿ ಬಂದದ್ದು ಅಜ್ಜಿ ಒಬ್ಬರೇ. ಬಂದ ಮೇಲೆ ಅವರಿಗೆ ಇದ್ದದ್ದು ಒಂದೇ ಆಸೆ: ಅಲ್ಲಿ ಮರಿಯಾ ಎಂಬ ಒಬ್ಬ ತಾಯಿಗೆ ಒಂದು ಪತ್ರ ಬರೆಯಬೇಕು, ಎದುರಿಗಿದ್ದಾಗ ಹೇಳಲಾಗದ ಒಂದು ಮಾತನ್ನು ಅದರಲ್ಲಿ ಹೇಳಬೇಕು. ಕೈ ನಡುಗುತ್ತಿದ್ದುದರಿಂದ ಬರೆಯುವವಳು ನಾನಾದೆ.

ಇನ್ನು ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಅಜ್ಜಿ ಹೇಳಿದ್ದು. ನಾನು ಕಣ್ಣಾರೆ ಕಂಡದ್ದು ಸ್ವಲ್ಪವೇ.

ಭೋಜರಾಜಜ್ಜ (ಇನ್ನು ಮುಂದೆ ಅಜ್ಜ ಎಂದರೆ ಅವರೇ) ಚರ್ಚಿನಲ್ಲಿ ನಿಂತು ಪ್ರಸಂಗ ಮಾಡುವವರಲ್ಲ. ನಾಲ್ಕು ಜನರ ಎದುರು ನಿಂತರೆ ಅವರಿಗೆ ಗಂಟಲು ಕಟ್ಟುತ್ತಿತ್ತು. ಹಾಲಾಡಿಯ ಕಡೆ ಅವರ ತಂದೆಯ ಕಾಲದಿಂದ ಒಂದು ಕಲ್ಲುಕೋರೆ ಇತ್ತು. ನಮ್ಮ ಕಡೆಯ ಮನೆಗಳಿಗೆಲ್ಲ ಹಾಕುವ ಕೆಂಪು ಮುರಕಲ್ಲು ಕಡಿಯುವ ಕೋರೆ. ಮುರಕಲ್ಲು ಭೂಮಿಯಲ್ಲಿರುವಾಗ ಮೆದು, ಹೊರಗೆ ಬಂದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಎಲ್ಲ ಕಲ್ಲೂ ಹಾಗೆ ಗಟ್ಟಿಯಾಗುವುದಿಲ್ಲ. ಕೆಲವು ಬೇಸಿಗೆಯೆಲ್ಲ ಕಬ್ಬಿಣದ ಹಾಗೆ ಇದ್ದು ಮಳೆಗೆ ಕರಗುತ್ತವೆ. ಅದಕ್ಕಾಗಿ ಅಜ್ಜನ ತಂದೆ ಒಂದು ನಿಯಮ ಇಟ್ಟಿದ್ದರು: ಹೊಸ ಜಾಗದಲ್ಲಿ ಕಡಿದ ಕಲ್ಲನ್ನು ಒಂದು ಮಳೆಗಾಲ ಬಯಲಲ್ಲಿ ನಿಲ್ಲಿಸಿ ನೋಡದೆ ಗೋಡೆಗೆ ಇಡಬಾರದು. ಅಜ್ಜ ಆ ನಿಯಮವನ್ನು ನಲವತ್ತು ವರ್ಷ ಮೀರಲಿಲ್ಲ.

ಮಲಾವಿಯ ಒಂದು ಸಭೆಯವರು ಶಾಲೆ, ಆಸ್ಪತ್ರೆ ಕಟ್ಟಲು ಕೆಲಸ ಗೊತ್ತಿರುವ ದಂಪತಿ ಬೇಕು ಎಂದು ಬರೆದಾಗ ಅಜ್ಜನಿಗೆ ಐವತ್ತೆಂಟು, ಅಜ್ಜಿಗೆ ಐವತ್ತಮೂರು. ಕೋರೆಯಲ್ಲಿ ಜೊತೆಗಿದ್ದ ಬಚ್ಚಣ್ಣ ಹೊರಡುವ ದಿನ ತಮಾಷೆ ಮಾಡಿದ್ದನ್ನು ಅಜ್ಜಿ ಎಷ್ಟೋ ಸಲ ಹೇಳಿದ್ದಾರೆ.

"ಊರ್ ಬಿಟ್ಟವ್ರೆಲ್ಲ ಮುಂಬೈಗ್ ಹೋಟ್ಲ್ ಇಡುಕ್ ಹೋತ್ರ್. ನೀವ್ ಒಬ್ರೇ ಕಾಣಿ, ಕಲ್ ಕಡುಕ್ ವಿಮಾನ ಹತ್ತುದ್."

"ಅಲ್ಲೂ ಕಲ್ ಇರತ್ತ್ ಮರಾಯಾ," ಎಂದರಂತೆ ಅಜ್ಜ.

"ಕಲ್ ಇರತ್ತ್. ಗಂಜಿ ಇರತ್ತಾ?"

ಗಂಜಿ ಇರಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ ಇತ್ತು. ಅಜ್ಜಿ ಅದೇ ಹಿಟ್ಟನ್ನು ನೀರು ಮಾಡಿ ಬೇಯಿಸಿ ಉಪ್ಪು ಹಾಕಿ, ಸರೋವರದ ಸಣ್ಣ ಒಣಮೀನು ಸುಟ್ಟು ಪಕ್ಕಕ್ಕೆ ಇಟ್ಟು, ಇದೇ ಗಂಜಿ ಎಂದು ಬಡಿಸಿದರು. ಅಜ್ಜ ಹತ್ತು ವರ್ಷ ಅದನ್ನು ಗಂಜಿ ಎಂದೇ ಉಂಡರು. ಅಜ್ಜಿಯ ತವರು ಮರವಂತೆ. ಒಂದು ಬದಿಗೆ ಕಡಲು, ಒಂದು ಬದಿಗೆ ಹೊಳೆ ನೋಡಿ ಬೆಳೆದವರು. ಮಲಾವಿಯ ಸರೋವರಕ್ಕೆ ಆಚೆಯ ದಡವೇ ಕಾಣುವುದಿಲ್ಲವಂತೆ, ಅಲೆಯೂ ಉಂಟಂತೆ. ಮೊದಲ ದಿನ ಅಜ್ಜಿ ಓಡಿ ಹೋಗಿ ಒಂದು ಬೊಗಸೆ ಬಾಯಿಗೆ ಹಾಕಿ ನೋಡಿ, "ಇದೆಂತ ಕಡ್ಲ್, ಉಪ್ಪೇ ಇಲ್ಲೆ" ಎಂದು ಅತ್ತುಬಿಟ್ಟರಂತೆ. ಅತ್ತದ್ದಕ್ಕೆ ಅಜ್ಜ ಬಹಳ ದಿನ ನಗಾಡಿದರು.

ಅವರ ದಿನ ಬೆಳಗ್ಗೆ ಐದಕ್ಕೆ ಶುರು. ಇಬ್ಬರೇ ಕೂತು ಕನ್ನಡದ ಒಂದು ಕೀರ್ತನೆ ಹಾಡಿ ಪ್ರಾರ್ಥನೆ ಮಾಡುವುದು. ಆಮೇಲೆ ಅಜ್ಜಿ ಕೈಪಂಪಿನ ಸಾಲಿನಲ್ಲಿ ಕೊಡ ಇಟ್ಟು ನಿಲ್ಲುವುದು. ಅಲ್ಲಿನ ಚಿಚೆವ ಭಾಷೆಯನ್ನು ಅವರು ಕಲಿತದ್ದು ಆ ಸಾಲಿನಲ್ಲೇ. ಹೊತ್ತು ಏರಿದ ಮೇಲೆ ಮಾವಿನ ಮರದ ಕೆಳಗೆ ಹೊಲಿಗೆ ಕ್ಲಾಸು. ಕಾಲಿನಿಂದ ತುಳಿಯುವ ಎರಡು ಮೆಷಿನು, ಹದಿನಾಲ್ಕು ಹೆಂಗಸರು. ಅಜ್ಜ ಗೋಡೆ ಕಟ್ಟುವುದು, ಮಾಡು, ಅಂದರೆ ಸೂರು, ಹಾಕುವುದು, ಸೈಕಲ್ ರಿಪೇರಿ ಎಲ್ಲವನ್ನೂ ಮಾಡುತ್ತಿದ್ದರು. ಆ ವರ್ಷಗಳಲ್ಲಿ ಅಲ್ಲಿ ಕಾಯಿಲೆಯಿಂದ ತುಂಬ ಜನ ಸಾಯುತ್ತಿದ್ದರಂತೆ. ಹೆಣದ ಪೆಟ್ಟಿಗೆ ಮಾಡುವವರು ಸಾಲದೆ ಅಜ್ಜ ಆ ಕೆಲಸವನ್ನೂ ಕಲಿತರು. ವಾರಕ್ಕೆ ಒಂದಾದರೂ ಪೆಟ್ಟಿಗೆ. ಪ್ರಸಂಗ ಬಾರದ ಮನುಷ್ಯ, ಆದರೆ ಪೆಟ್ಟಿಗೆಯ ಒಳಬದಿಯನ್ನೂ ಉಜ್ಜಿ ನುಣುಪು ಮಾಡಿ ಕೊಡುತ್ತಿದ್ದರು. "ಒಳ್ಗೆ ಯಾರ್ ಕಾಂತ್ರ್?" ಎಂದು ಅಜ್ಜಿ ಕೇಳಿದರೆ, "ಮಲಗುದ್ ಒಳ್ಗೇ ಅಲ್ದಾ" ಎನ್ನುತ್ತಿದ್ದರಂತೆ. ಮಕ್ಕಳು ಇಬ್ಬರನ್ನೂ "ಅಗೊಗೊ" ಎಂದು ಕರೆಯುತ್ತಿದ್ದರು. ಅಲ್ಲಿ ಅಜ್ಜನಿಗೂ ಅಜ್ಜಿಗೂ ಅದೇ ಮಾತು. ನಾವು ಊರಿನಿಂದ ಕಳುಹಿಸಿದ ಕ್ಯಾಲೆಂಡರು ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ತಲುಪುತ್ತಿತ್ತು. ಆದರೂ ಅಜ್ಜಿ ಜನವರಿಯ ಹಾಳೆಯಿಂದಲೇ ತೂಗುಹಾಕಿ ಒಂದೊಂದೇ ಮಗುಚುತ್ತಿದ್ದರು.

ಮರಿಯಾ ಅಲ್ಲಿನ ಸಭೆಯ ಆಸ್ಪತ್ರೆಯಲ್ಲಿ ಗುಡಿಸುವ ಕೆಲಸದವರು. ಗಂಡ ಇರಲಿಲ್ಲ. ಆರು ವರ್ಷದ ಮಗಳು ತಮಂಡಾ ಅಮ್ಮನ ಕೆಲಸ ಮುಗಿಯುವ ತನಕ ಹೊಲಿಗೆ ಕ್ಲಾಸಿನಲ್ಲಿ ಅಜ್ಜಿಯ ಕಾಲ ಬುಡದಲ್ಲಿ ಕೂತು ಬಿದ್ದ ಗುಂಡಿ ಹೆಕ್ಕುತ್ತಿದ್ದಳು. ಸೂಜಿಗೆ ನೂಲು ಹಾಕುವುದು ಅವಳೇ, ಅಜ್ಜಿಗೆ ಕಣ್ಣು ಮಂಜು. ದಿನಕ್ಕೆ ಒಂದು ಬಣ್ಣದ ಚಿಂದಿ ಅವಳ ಸಂಬಳ.

2003ರಲ್ಲಿ ಆ ಆಸ್ಪತ್ರೆಗೆ ಒಂದು ಚಾವಡಿ ಬೇಕಾಯಿತು. ರೋಗಿಗಳ ಜೊತೆ ಬಂದವರು ಅಡಿಗೆ ಮಾಡಿಕೊಂಡು ಮಲಗುವ ಚಾವಡಿ. ಇಟ್ಟಿಗೆ ಸುಡಲು ಸೌದೆ ಸಾಲದು. ಗುಡ್ಡದ ಬದಿಯಲ್ಲಿ ಕೆಂಪು ನೆಲ ಕಂಡು ಅಜ್ಜ ಪಿಕಾಸಿ ಹಾಕಿ ನೋಡಿದರೆ ನಮ್ಮ ಹಾಲಾಡಿಯ ಹಾಗೇ ಚೌಕ ಚೌಕವಾಗಿ ಕಲ್ಲು ಎದ್ದಿತು. ಆ ದಿನ ಅಜ್ಜ ಊರಿಗೇ ಹೋಗಿ ಬಂದವರಂತೆ ಇದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಜೂನ್‌ನಿಂದ ಕಲ್ಲು ಕಡಿದು ಸಾಲಾಗಿ ನಿಲ್ಲಿಸಿದರು. ಅಲ್ಲಿ ಮಳೆ ಬರುವುದು ನವೆಂಬರಿಗೆ. ಒಂದು ಮಳೆ ನೋಡಿ ಮುಂದಿನ ವರ್ಷ ಕಟ್ಟುವುದೆಂದು ಅಜ್ಜನ ಮನಸ್ಸು.

ಅದೇ ಹೊತ್ತಿಗೆ ಮುಂಬೈಯಿಂದ ಮಗಳ ಪತ್ರ ಬಂತು. ವಿನಯಾ ಅವರ ಒಬ್ಬಳೇ ಮಗಳು, ಮದುವೆಯಾಗಿ ಒಂದು ವರ್ಷ. ಡಿಸೆಂಬರಿನಲ್ಲಿ ಹೆರಿಗೆ, ಏಳು ತಿಂಗಳಾಗುವಾಗ ಬ್ರಹ್ಮಾವರಕ್ಕೆ ಬರುತ್ತೇನೆ, ಅಮ್ಮಾ ನೀನು ಮನೆಯಲ್ಲಿರಬೇಕು ಎಂದು ಬರೆದಿದ್ದಳು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ, ಬಾಣಂತನ ತಾಯಿಯ ಕೈಯಲ್ಲಿ. ಅಜ್ಜಿ ರಜೆ ಕೇಳಿದರು. ಹಿಡಿದ ಕಟ್ಟಡ ಮುಗಿಸಿ ಇಬ್ಬರೂ ಹೋಗಿ ಎಂದು ಅಲ್ಲಿನವರು ಒಪ್ಪಿದರು. ನವೆಂಬರ್ ಇಪ್ಪತ್ತೆಂಟಕ್ಕೆ ಟಿಕೆಟ್ ಆಯಿತು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ನಡೆದ ಮಾತನ್ನು ಅಜ್ಜಿ ನನಗೆ ಒಂದಕ್ಷರ ಬಿಡದೆ ಹೇಳಿದ್ದಾರೆ. ಕಲ್ಲಿನ ಸಾಲಿನ ಹತ್ತಿರ ನಿಂತು ಆಡಿದ್ದಂತೆ. ಮಾತು ತೆಗೆದದ್ದು ಅಜ್ಜಿ.

"ಹ್ವಾಯ್, ಕಲ್ ಸಾಕಾತಿಲ್ಯಾ?"

"ಸಾಕಾತ್ತ್. ಆರೆ ಮಳಿ ಕಾಣ್ಲಿಲ್ಲೆ ಇವು."

"ಬಿಸ್ಲ್ ಕಂಡಿತ್ತಲೆ. ಬಡ್ದ್ ಕಾಣಿ, ಕಬ್ಣದಂಗ್ ಶಬ್ದ ಬತ್ತ್."

"ಅಪ್ಪಯ್ಯ ಹೇಳ್ತಿದ್ರ್—"

"ನಿಮ್ಮ್ ಅಪ್ಪಯ್ಯಂಗೆ ಹೆಣ್ ಮಕ್ಳ್ ಇರ್ಲಿಲ್ಲ. ನೀವ್ ಮಳಿ ಕಾಂತಾ ಕೂಕಂಡ್ರೆ ನನ್ ಮಗ್ಳ್ ಬಾಣಂತನ ಮಾಡುದ್ ಯಾರ್? ಈ ಕಲ್ಲಾ?"

ಅಜ್ಜ ಒಂದು ಕಲ್ಲನ್ನು ಬೆರಳಿನಿಂದ ಕೆರೆದು ನೋಡಿದರು. ಪುಡಿ ಬರಲಿಲ್ಲ. "ಆಯ್ತ್, ನಾಳಿಂದ ಹಿಡಿತೆ" ಎಂದರು.

ಅಕ್ಟೋಬರ್ ಕೊನೆಗೆ ಗೋಡೆ ಎದ್ದು ಮಾಡೂ ಆಯಿತು. ಅಜ್ಜಿ ಮೊಮ್ಮಗುವಿಗೆ ಆರು ಅಂಗಿ ಹೊಲಿದು ಊರಿಗೆ ಒಯ್ಯುವ ಪೆಟ್ಟಿಗೆಗೆ ಹಾಕಿದರು. ಗುಂಡಿ ಆರಿಸಿ ಕೊಟ್ಟದ್ದು ತಮಂಡಾ.

ನವೆಂಬರ್ ಹತ್ತೊಂಬತ್ತು, ಮಧ್ಯಾಹ್ನ. ಮೊದಲ ದೊಡ್ಡ ಮಳೆ. ಎರಡು ಗಂಟೆ ಬಿಡದೆ ಹೊಯ್ಯಿತು. ಕ್ಲಾಸಿನ ಹೆಂಗಸರೆಲ್ಲ ಮೆಷಿನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ತಮಂಡಾ ಹೊಸ ಚಾವಡಿಯ ಹೊರಗೋಡೆಗೆ ಒರಗಿ ಮಾಡಿನ ಕೆಳಗೆ ನಿಂತಳು. ಅಜ್ಜಿ ಆಚೆಯಿಂದ ಅವಳನ್ನು ನೋಡಿ ಕೈಬೀಸಿದರು, ಅಲ್ಲೇ ಇರು, ಒದ್ದೆಯಾಗಬೇಡ ಎಂದು. ಆಮೇಲೆ ಗೋಡೆ ಬಿದ್ದದ್ದಲ್ಲ, ಕುಳಿತುಕೊಂಡಿತು ಎಂದು ಅಜ್ಜಿ ಹೇಳುತ್ತಿದ್ದರು. ಸುಸ್ತಾದವರು ಕುಳಿತ ಹಾಗೆ. ಸದ್ದೂ ಹೆಚ್ಚು ಬರಲಿಲ್ಲ. ಕಲ್ಲು ಕೆಂಪು ಕೆಸರಾಗಿತ್ತು. ಅದರ ಮೇಲೆ ಮಾಡು.

ಅಜ್ಜ ಕೈಯಲ್ಲೇ ಬಗೆದು ಅವಳನ್ನು ತೆಗೆದರು. ಆ ಸಂಜೆ ಅವಳ ಪೆಟ್ಟಿಗೆಯನ್ನೂ ಅವರೇ ಮಾಡಿದರು. ಒಳಬದಿಯನ್ನು ಉಜ್ಜಿದರು. ಅಜ್ಜಿ ಮೊಮ್ಮಗುವಿನ ಅಂಗಿಗಳನ್ನು ಬಿಚ್ಚಿ ಆ ಬಟ್ಟೆಯನ್ನು ಒಳಗೆ ಹಾಸಿದರು.

ಮಣ್ಣು ಮಾಡಿ ಬಂದ ಮೇಲೆ ಊರಿನ ಹಿರಿಯರು ಕೂತರು. ಅಜ್ಜ ಎಲ್ಲರ ಎದುರು ನಿಂತರು. ಗಂಟಲು ಕಟ್ಟಲಿಲ್ಲವಂತೆ. "ಕಲ್ಲಿನ ನಿಯಮ ನನಗೆ ಗೊತ್ತಿತ್ತು. ಅವಸರ ಮಾಡಿದ್ದು ನಾನು. ಬೇರೆ ಯಾರ ತಪ್ಪೂ ಇಲ್ಲ" ಎಂದರು. ಅದನ್ನು ಚಿಚೆವ ಭಾಷೆಗೆ ತಿರುಗಿಸಿ ಹೇಳಬೇಕಾದದ್ದು ಅಜ್ಜಿ. ಅವರಿಗಿಂತ ಅಜ್ಜಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಅಜ್ಜಿ ಹಾಗೇ ತಿರುಗಿಸಿ ಹೇಳಿದರು. ಅಲ್ಲ, ಅವಸರ ಮಾಡಿಸಿದ್ದು ನಾನು ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂತು. ಮರಿಯಾ ತಲೆ ಎತ್ತಿ ಇವರನ್ನೇ ನೋಡುತ್ತಿದ್ದರು. ಅಜ್ಜಿ ಹೇಳಲಿಲ್ಲ.

ಟಿಕೆಟ್ ರದ್ದಾಯಿತು. ಗೋಡೆ ತಿರುಗಿ ಕಟ್ಟದೆ ಇಲ್ಲಿಂದ ಏಳುವುದಿಲ್ಲ ಎಂದರು ಅಜ್ಜ. ಬಸುರಿಗೆ ಮಗುವಿನ ಸಾವಿನ ಸುದ್ದಿ ತಿಳಿಸಬಾರದೆಂದು ವಿನಯಕ್ಕನಿಗೆ "ಕೆಲಸ ಮುಗಿಯಲಿಲ್ಲ, ಬರಲು ಆಗುವುದಿಲ್ಲ" ಎಂದಷ್ಟೇ ತಿಳಿಸಿದರು. ಆಗ ವಿನಯಕ್ಕ ಬ್ರಹ್ಮಾವರದಲ್ಲಿ ತಾಯಿಯ ದಾರಿ ನೋಡುತ್ತಿದ್ದರು. ನಮ್ಮ ಮನೆಯವರು ಎಷ್ಟು ಹೇಳಿದರೂ ನಿಲ್ಲದೆ ಆ ಹೊಟ್ಟೆ ಹೊತ್ತುಕೊಂಡೇ ರೈಲು ಹತ್ತಿ ಮುಂಬೈಗೆ ಹೊರಟುಹೋದರು. ಗಂಡುಮಗು ಹುಟ್ಟಿದ್ದಕ್ಕೆ ತಾಯಿಗೆ ಒಂದು ಸಾಲು ಬರೆದರು. ಮತ್ತೆ ಬರೆಯಲಿಲ್ಲ. ನಿಜ ಸಂಗತಿಯನ್ನು ಆಮೇಲಾದರೂ ತಿಳಿಸಬಹುದಿತ್ತು. ಯಾಕೆ ತಿಳಿಸಲಿಲ್ಲ ಎಂದು ನಾನು ಕೇಳಿದೆ. "ನಿನ್ನ ಹೆರ್ಗಿಗೋಸ್ಕರ ಒಂದ್ ಮಗು ಹೋಯ್ತ್ ಅಂದ್ ಯಾವ ಬಾಯಂಗೆ ಹೇಳುದ್ ಮರಿ?" ಎಂದರು.

ಚಾವಡಿಯನ್ನು ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದರು. ಎರಡು ವರ್ಷ ಹಿಡಿಯಿತು. ಮುಗಿದ ಮೇಲೂ ಅಜ್ಜ ಹೊರಡಲಿಲ್ಲ. ಪ್ರತಿದಿನ ಮರಿಯಾರ ಮನೆಗೆ ಎರಡು ಕೊಡ ನೀರು ಹೊತ್ತು ಹಾಕುವರು. ಮೊದಲು ಆ ತಾಯಿ ಬೇಡವೆಂದರು, ಆಮೇಲೆ ಸುಮ್ಮನಾದರು. ಗೋಡೆ ಬಿದ್ದ ಮರುವರ್ಷದಿಂದಲೇ ಪ್ರತಿವರ್ಷ ಬೇಸಿಗೆಯಲ್ಲಿ ಗುಡ್ಡದ ಬೇರೆ ಬೇರೆ ಕಡೆಯಿಂದ ಒಂದೊಂದು ಕಲ್ಲು ಕಡಿದು ತಂದು ಮನೆಯ ಅಂಗಳದಲ್ಲಿ ನಿಲ್ಲಿಸುವರು. ಮಳೆ ಬಂದಾಗ ಬಾಗಿಲಲ್ಲಿ ಕೂತು ಅದನ್ನೇ ನೋಡುವರು. ಪ್ರತಿವರ್ಷವೂ ಅದು ಕೆಸರಾಯಿತು. ಐದು ಕಲ್ಲು, ಐದು ಮಳೆ. ಗಂಡ ಹೆಂಡತಿ ಆ ಸೆಪ್ಟೆಂಬರಿನ ಸಂಜೆಯ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಬೆಳಗ್ಗೆ ಐದಕ್ಕೆ ಏಳುವುದು, ಕೀರ್ತನೆ, ಗಂಜಿ, ಮೆಷಿನು, ಪೆಟ್ಟಿಗೆ ಎಲ್ಲ ಹಾಗೇ ನಡೆಯಿತು. "ಬೈದಿದ್ರೆ ಬದುಕ್ತಿದ್ದೆ" ಎಂದು ಅಜ್ಜಿ ಒಂದು ದಿನ ಅಕ್ಕಿ ಆರಿಸುವಾಗ ಹೇಳಿದರು.

2009ರ ಫೆಬ್ರವರಿಯಲ್ಲಿ ಅಜ್ಜ ಜ್ವರದಲ್ಲಿ ಹೋದರು. ಕೊನೆಯ ದಿನ ಕೇಳಿದ್ದು ಇಷ್ಟೇ: "ಹೊರ್ಗೆ ಕಲ್ ನಿಂತಿತ್ತಾ?" ಆ ವರ್ಷದ ಕಲ್ಲು ಜನವರಿಯಲ್ಲೇ ಕರಗಿ ಹೋಗಿತ್ತು. ಅಜ್ಜಿ "ನಿಂತಿತ್ತ್" ಎಂದರು. ಅವರನ್ನು ಅಲ್ಲೇ ಮಣ್ಣು ಮಾಡಿದರು. ಪೆಟ್ಟಿಗೆ ಬೇರೆಯವರು ಮಾಡಿದ್ದು. ಒಳಗೆ ಉಜ್ಜಿರಲಿಲ್ಲ.

ಅಜ್ಜಿ ಬಂದದ್ದು ಅದೇ ವರ್ಷ ಮೇ ತಿಂಗಳಲ್ಲಿ. ಆಮೇಲಿನದು ನಾನು ಕಂಡದ್ದು. ಆ ಮಳೆಗಾಲ ಮುಗಿಯುವಾಗ ನಾನು ಶಾಲೆ ಬಿಟ್ಟೆ. ತರಗತಿಯಲ್ಲಿ ಎದ್ದು ಓದಲು ಹೇಳಿದರೆ ನನಗೆ ಬಾಯಿ ಬರುತ್ತಿರಲಿಲ್ಲ, ಅದಕ್ಕೇ. ಮನೆಯವರು ಬೈದರು. ಅಜ್ಜಿ ಬೈಯಲಿಲ್ಲ. "ಓದುದ್ ಬ್ಯಾಡ, ನಂಗೊಂದ್ ಬರ್ದ್ ಕೊಡ್ತ್ಯಾ?" ಎಂದರು.

ನಾವು ಬರೆದದ್ದು ಹೀಗೆ. ಅಜ್ಜಿ ಚಿಚೆವದಲ್ಲಿ ಒಂದು ವಾಕ್ಯ ಹೇಳುವುದು, ನಾನು ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು, ಅವರು ಅರ್ಥ ಹೇಳುವುದು. ಆಮೇಲೆ ಅವರು ತಂದಿದ್ದ ಅಲ್ಲಿನ ಕೀರ್ತನೆ ಪುಸ್ತಕದಲ್ಲಿ ಒಂದೊಂದು ಮಾತನ್ನೂ ಹುಡುಕಿ, ಅಲ್ಲಿ ಇದ್ದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಇಳಿಸುವುದು. ಕಲ್ಲು ಎಂಬ ಮಾತು ಸಿಕ್ಕಿತು. ಮಗು, ತಾಯಿ, ಮಳೆ ಸಿಕ್ಕಿದವು. ಅವಸರ ಎಂಬ ಮಾತು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಅಜ್ಜಿಯ ಬಾಯಲ್ಲಿ ಕೇಳಿದ ಹಾಗೇ ಇಳಿಸಿದೆ. ಒಂದು ದಿನಕ್ಕೆ ಎರಡು ಸಾಲು ಆದರೆ ಹೆಚ್ಚು.

ಮೂರು ವರ್ಷ ಹಿಡಿದದ್ದು ಅದಕ್ಕಲ್ಲ. "ಅವರಿಗೆ ಅವಸರ ಮಾಡಿಸಿದವಳು ನಾನು" ಎಂಬ ಸಾಲು ಮೊದಲ ವಾರವೇ ಆಯಿತು. ಅದರ ಮುಂದಿನ ಸಾಲು ನಿಲ್ಲಲಿಲ್ಲ. "ನನ್ನ ಮಗಳು ಹೆರಿಗೆಗೆ ಬರುವವಳಿದ್ದಳು" ಎಂದು ಬರೆಸುವರು. ಮರುದಿನ ಹೊಡೆದುಹಾಕು ಎನ್ನುವರು. ತಿಂಗಳು ಬಿಟ್ಟು ತಿರುಗಿ ಬರೆಸುವರು. ಪ್ರತಿಸಲವೂ ನಾನು ಪೂರ್ತಿ ಪತ್ರವನ್ನು ಹೊಸ ಕಾಗದದಲ್ಲಿ ಇಳಿಸಬೇಕು. ಹೊಡೆದುಹಾಕಿದ ಗುರುತು ಇರುವ ಕಾಗದ ಆ ತಾಯಿಗೆ ಹೋಗಬಾರದು.

ಒಂದು ದಿನ ಬೇಸರದಿಂದ ಕೇಳಿದೆ: "ಇರ್ಲಿ ಬಿಡಿ ಅಜ್ಜಿ. ಕಾರಣ ಗೊತ್ತಾಯ್ಲಿ ಅವ್ರಿಗೆ."

"ಕಾರಣ ಹೇಳಿರೆ ಅದ್ ತಪ್ಪ್ ಒಪ್ಪುದಲ್ಲ, ಮರಿ. ನನ್ ಮಗ್ಳ್ ಇದ್ಲ್, ಅದ್ಕೆ ನಿನ್ ಮಗ್ಳ್ ಹೋದ್ಲ್ ಅಂದಂಗಾತ್ತ್."

"ಹಂಗಾರೆ ತೆಗಿತೆ."

"ತೆಗ್ದ್ರೆ ನಾ ಸುಮ್‌ಸುಮ್ನೆ ಕೊಂದಂಗಾತ್ತ್," ಎಂದು ಕಣ್ಣೊರೆಸಿಕೊಂಡರು.

ಈ ವರ್ಷ 2012ರ ಜೂನ್ ಮೊದಲ ವಾರ, ಮಳೆ ಹಿಡಿದ ದಿನ, ಅಜ್ಜಿ ಬಾಗಿಲಲ್ಲಿ ಕೂತಿದ್ದರು. ಅಂಗಳ ನೋಡುತ್ತ ಹೇಳಿದರು: "ತೆಗಿ ಆ ಸಾಲ್. ಇನ್ ಬರುಸ್ತಿಲ್ಲೆ." ನಾನು ರಾತ್ರಿಯೇ ಬರೆಯಬಹುದಿತ್ತು. ಅಕ್ಷರ ಚೆನ್ನಾಗಿ ಬರಲಿ, ಹಗಲು ಬೆಳಕಿನಲ್ಲಿ ಬರೆಯುವ ಎಂದು ಬಿಟ್ಟೆ. ನಾಲ್ಕು ದಿನ ಕರೆಂಟೂ ಇರಲಿಲ್ಲ, ಬೆಳಕೂ ಇರಲಿಲ್ಲ. ಐದನೆಯ ದಿನ ಬರೆದು ಮುಗಿಸಿ ಸಹಿಗೆ ತೆಗೆದುಕೊಂಡು ಹೋದೆ. ಅಜ್ಜಿ ಎದ್ದಿರಲಿಲ್ಲ. ಮುಟ್ಟಿದಾಗ ಕೈ ತಣ್ಣಗಿತ್ತು. ಪತ್ರದ ಕೊನೆಯಲ್ಲಿ ಸಹಿಗೆ ಬಿಟ್ಟ ಜಾಗ ಹಾಗೇ ಖಾಲಿ ಇದೆ. ನನಗೆ ಅವಸರ ಇರಲಿಲ್ಲ. ಅದೇ ನನ್ನ ತಪ್ಪು.

ವಿನಯಕ್ಕ ಮುಂಬೈಯಿಂದ ಬಂದರು. ಅಳಲಿಲ್ಲ. ಸಮಾಧಿಗೆ ಕಲ್ಲು ಯಾವಾಗ ಕಟ್ಟಿಸುವುದು ಎಂದು ಬಚ್ಚಣ್ಣನನ್ನು ಕೇಳಿದರು. ಅವರಿಗೆ ಈಗ ಬೆನ್ನು ಬಾಗಿದೆ. "ಒಂದ್ ಮಳಿ ಹೋಯ್ಲಿ," ಎಂದರು ಬಚ್ಚಣ್ಣ. ಆಗ ನನಗೆ ತಡೆಯಲಾಗಲಿಲ್ಲ. ಪತ್ರ ತಂದು ವಿನಯಕ್ಕನ ಕೈಗೆ ಕೊಟ್ಟು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮಾತು ತಡವರಿಸಿತು, ಆದರೆ ಪೂರ್ತಿ ಹೇಳಿದೆ.

ನನ್ನ ಅಜ್ಜ ಶೇಖರರು ಒಪ್ಪಲಿಲ್ಲ. "ಹೋದವ್ರ್ ಹೋದ್ರ್. ಹತ್ ವರ್ಷ ಸೇವೆ ಮಾಡಿದವ್ರ ಹೆಸ್ರ್ ಎಂತಕ್ಕ್ ಹಾಳ್ ಮಾಡುದ್? ಒಲಿಗ್ ಹಾಕ್" ಎಂದರು.

ವಿನಯಕ್ಕ ತನಗೆ ತಿಳಿಯದ ಆ ಭಾಷೆಯ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಇದ್ರಂಗೆ ನನ್ ಸುದ್ದಿ ಇತ್ತಾ?"

"ಇಲ್ಲೆ ಅಕ್ಕ. ಅಜ್ಜಿ ತೆಗ್ಸಿದ್ರ್."

"ಎಷ್ಟ್ ಸಲ ಬರ್ಸಿದ್ರ್?"

"ಒಂಬತ್ತ್ ಸಲ."

ವಿನಯಕ್ಕ ಕಾಗದವನ್ನು ಮಡಚಿದ ಗೆರೆಯಲ್ಲೇ ಮಡಚಿದರು. ಆಗ ಅತ್ತರು. ನಾವೆಲ್ಲ ಹೊರಗೆ ಬಂದೆವು. ಸಂಜೆ ಅವರೇ ಪತ್ರವನ್ನು ತಂದು ನನ್ನ ಕೈಗೆ ಕೊಟ್ಟು, "ನಾ ಏನೂ ಸೇರ್ಸಲಿಲ್ಲ. ಹಿಂಗೇ ಕಳ್ಸ್" ಎಂದರು.

ಸ್ಮರಣ ಸಂಚಿಕೆಯಲ್ಲಿ ಇದನ್ನು ಹಾಕುವುದೋ ಬಿಡುವುದೋ ಅಯ್ಯನವರಿಗೆ ಬಿಟ್ಟದ್ದು. ಆಸ್ಪತ್ರೆಯ ವಿಳಾಸ ಭೋಜರಾಜಜ್ಜನ ಸತ್ಯವೇದದ ಮೊದಲ ಪುಟದಲ್ಲಿ ಇದೆ. ಮರಿಯಾ ಈಗಲೂ ಅಲ್ಲಿ ಕೆಲಸದಲ್ಲಿದ್ದಾರೋ ನನಗೆ ಗೊತ್ತಿಲ್ಲ. ಸಹಿಯ ಜಾಗದಲ್ಲಿ ನಾನು ಏನೂ ಬರೆಯುವುದಿಲ್ಲ. ಸೋಮವಾರ ಬೆಳಗ್ಗೆ ಬ್ರಹ್ಮಾವರದ ಅಂಚೆ ಕಚೇರಿಗೆ ಹೋಗಿ ಪತ್ರವನ್ನು ರಿಜಿಸ್ಟರ್ ಮಾಡಿ ಕಳುಹಿಸುತ್ತೇನೆ.